ಮಹಡಿ ಮೇಲಿನ ಸತ್ಯವಂತ

ಮೂವತ್ತೊಂದು ವರ್ಷ ಪತ್ರಿಕೆಯಲ್ಲಿ ಕೆಲಸ ಮಾಡಿ ನಿವೃತ್ತನಾದ ನಾನು ದಿನಕ್ಕೆ ಏನಿಲ್ಲವೆಂದರೂ ನಾಲ್ಕು ಸುಳ್ಳು ಹೇಳುತ್ತೇನೆ. ನಾಲ್ಕೂ ಊಟದ ವಿಷಯದವು. ಹುಣಸೂರಿನ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಎದುರಾದವರು ‘ತಿಂಡಿ ಆಯ್ತಾ?’ ಎನ್ನುತ್ತಾರೆ, ಮಧ್ಯಾಹ್ನ ಎದುರಾದವರು ‘ಊಟ ಆಯ್ತಾ?’ ಎನ್ನುತ್ತಾರೆ. ಎರಡಕ್ಕೂ ಉತ್ತರ ‘ಆಯ್ತು’ ಎಂದೇ. ಹೊಟ್ಟೆಯ ವಸ್ತುಸ್ಥಿತಿಗೂ ಈ ಉತ್ತರಕ್ಕೂ ಯಾವ ಸಂಬಂಧವೂ ಇಲ್ಲ. ಯಾರದಾದರೂ ಮನೆಗೆ ಊಟದ ಹೊತ್ತಿಗೆ ಹೋಗಿಬಿಟ್ಟರೆ ಅವರು ‘ಬನ್ನಿ, ಕೈ ತೊಳೀರಿ’ ಎನ್ನಬೇಕು, ನಾವು ‘ಈಗ ತಾನೇ ಮುಗಿಸಿ ಬಂದೆ’ ಎನ್ನಬೇಕು. ಹೀಗೆ ಇಬ್ಬರೂ ಒಂದೊಂದು ಸುಳ್ಳು ಹೇಳಿದ ಮೇಲೆ ನಿಜವಾದ ಮಾತುಕತೆ ಶುರುವಾಗುತ್ತದೆ.

ಇದನ್ನು ನಾನು ಸುಳ್ಳೆಂದು ಎಣಿಸಿರಲಿಲ್ಲ. ಪತ್ರಿಕೆಯಲ್ಲೂ ಇಂಥದ್ದಕ್ಕೆ ಜಾಗವಿತ್ತು. ಅಂಕಿ, ಹೆಸರು, ಊರು, ಹೊತ್ತು, ಇವುಗಳಲ್ಲಿ ಒಂದಕ್ಷರ ತಪ್ಪಿದರೆ ಮಾರನೆಯ ದಿನ ತಿದ್ದುಪಡಿ ಹಾಕುತ್ತಿದ್ದೆವು. ಆದರೆ ನಿಧನ ವಾರ್ತೆಗಳಲ್ಲಿ ಎಲ್ಲರೂ ಸರಳ ಸಜ್ಜನಿಕೆಯವರು. ಬದುಕಿದ್ದಾಗ ಅಣ್ಣತಮ್ಮಂದಿರ ಮೇಲೆ ಮೂರು ಮೊಕದ್ದಮೆ ಹೂಡಿದ್ದವರೂ ಸತ್ತ ಮರುದಿನ ಅಜಾತಶತ್ರುಗಳಾಗುತ್ತಿದ್ದರು. ಅದಕ್ಕೆ ತಿದ್ದುಪಡಿ ಕೇಳಿ ಒಂದು ಪತ್ರವೂ ಬಂದದ್ದು ನನಗೆ ನೆನಪಿಲ್ಲ.

ಡೇನಿಯಲ್ ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಬಂದದ್ದು ಜೂನ್ ಮೊದಲ ವಾರದಲ್ಲಿ. ವಯಸ್ಸು ಇಪ್ಪತ್ತು, ಊರು ಅಮೆರಿಕದ ಅಯೋವಾ ರಾಜ್ಯದ ಹಳ್ಳಿ, ಕಾಲೇಜಿನ ರಜೆ. ನಮ್ಮ ಕೆರೆಗಳ ನೀರನ್ನು ಅಳೆಯುವ ಒಂದು ಸಂಸ್ಥೆಯಲ್ಲಿ ಎರಡೂವರೆ ತಿಂಗಳು ಕೆಲಸ ಕಲಿಯಲು ಬಂದಿದ್ದ. ಮೊದಲ ದಿನವೇ, ಬೇಸಿಗೆ ಕಳೆಯಲು ಬಂದಿದ್ದೇನೆ ಎಂದ. ಆಗ ಅವನ ಕೈಯಲ್ಲಿದ್ದ ಕೊಡೆಯಿಂದ ನೀರು ಸೋರುತ್ತಿತ್ತು. ಅವರ ಬೇಸಿಗೆ ನಮ್ಮ ಮುಂಗಾರಿನಲ್ಲಿ ಬರುತ್ತದೆ ಎಂಬುದನ್ನು ಶಾಲೆಯಲ್ಲಿ ಓದಿದ್ದೆ, ಆದರೆ ಅದು ಹೀಗೆ ಸೂಟ್‌ಕೇಸು ಹಿಡಿದು ನಮ್ಮ ಮೆಟ್ಟಿಲೇರುತ್ತದೆಂದು ಎಣಿಸಿರಲಿಲ್ಲ.

ಬರುವ ಮುಂಚೆ ಒಂದು ವರ್ಷ ಕಂಪ್ಯೂಟರಿನಲ್ಲಿ ಯಾರಿಂದಲೋ ಕನ್ನಡ ಕಲಿತಿದ್ದ. ನಮ್ಮ ಬೀದಿಯಲ್ಲಿ ಪೂರ್ತಿ ವಾಕ್ಯಗಳಲ್ಲಿ ಮಾತಾಡುವವನು ಅವನೊಬ್ಬನೇ. ಸೋಮವಾರದಿಂದ ಶುಕ್ರವಾರ ಬೆಳಿಗ್ಗೆಯೇ ಪಿರಿಯಾಪಟ್ಟಣದ ಅಥವಾ ಎಚ್.ಡಿ. ಕೋಟೆಯ ಬಸ್ಸು ಹತ್ತಿ ಯಾವುದೋ ಕೆರೆ ಏರಿಯ ಮೇಲೆ ಇಳಿಯುತ್ತಿದ್ದ. ಶನಿವಾರ ಬಟ್ಟೆ ಒಗೆದು ಹರವುತ್ತಿದ್ದ, ಒಣಗದಿದ್ದರೂ ಸಿಡುಕುತ್ತಿರಲಿಲ್ಲ. ಭಾನುವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಒಂಬತ್ತಕ್ಕೆ ಹದಿನೈದು ನಿಮಿಷವಿರುವಾಗ ಚರ್ಚಿಗೆ ಹೊರಡುತ್ತಿದ್ದ, ಹನ್ನೊಂದಕ್ಕೆ ಮರಳುತ್ತಿದ್ದ. ಆಮೇಲೆ ಏನೂ ಮಾಡುತ್ತಿರಲಿಲ್ಲ. ಭಾನುವಾರ ಕೆಲಸ ಮಾಡುವುದಿಲ್ಲವಂತೆ. ಮೆಟ್ಟಿಲ ಮೇಲೆ ಕೂತು ತನ್ನ ಅಜ್ಜಿಗೆ ಕಾಗದದ ಮೇಲೆ ಪೆನ್ನಿನಲ್ಲಿ ಪತ್ರ ಬರೆಯುತ್ತಿದ್ದ. ನಮ್ಮ ಅಂಚೆ ಕಚೇರಿಯವರು ಅವನನ್ನು ಹೆಸರು ಹಿಡಿದು ಮಾತಾಡಿಸುವಷ್ಟಾಯಿತು.

ಈ ಚರ್ಚಿನ ವಿಷಯ ಎದುರು ಮನೆಯ ಜಯಮ್ಮನಿಗೆ ಅರ್ಥವಾಗಲಿಲ್ಲ. ನಮ್ಮಲ್ಲಿ ದೇವರ ಹತ್ತಿರ ಕೆಲಸವಿದ್ದಾಗ ಹೋಗುತ್ತೇವೆ, ಕೆಲಸವಾದ ಮೇಲೆ ಇನ್ನೊಮ್ಮೆ ಹೋಗುತ್ತೇವೆ. ನಾಲ್ಕನೆಯ ಭಾನುವಾರ ಅವಳು ತಡೆಯಲಾರದೆ ಅವನನ್ನು ನಿಲ್ಲಿಸಿ ಕೇಳಿದಳು.

“ಏನ್ ಅರಕೆ ಮಾಡ್ಕಂಡಿದೀಯಪ್ಪ?”

“ಹರಕೆ ಇಲ್ಲ, ಅಮ್ಮ.”

“ಅರಕೆ ಇಲ್ದಲೇ ನಾಕ್ ವಾರ ಓದ್ಯಾ? ಉಷಾರಾಗಿದೀಯ ತಾನೆ?”

“ಹುಷಾರಾಗಿದ್ದೇನೆ.”

“ಮತ್ತೇನ್ ಕೇಳ್ಕತೀಯ ಅಲ್ಲಿ?”

ಅವನು ಸ್ವಲ್ಪ ಯೋಚಿಸಿ, “ಈ ವಾರ ಒಣಗಿದ ಕಾಲುಚೀಲ ಕೇಳಿದೆ” ಎಂದ. ಜಯಮ್ಮನಿಗೆ ಸಮಾಧಾನವಾಯಿತು. ದೇವರ ಹತ್ತಿರ ಅಂತೂ ಕೆಲಸವಿದೆ.

ತೊಂದರೆ ಶುರುವಾದದ್ದು ‘ಊಟ ಆಯ್ತಾ?’ ಎಂಬಲ್ಲಿ. ಆಗಿಲ್ಲದಿದ್ದರೆ ಅವನು ‘ಇನ್ನೂ ಆಗಿಲ್ಲ’ ಎಂದೇ ಹೇಳುತ್ತಿದ್ದ. ಹಾಗೆಂದವನನ್ನು ರಸ್ತೆಯಲ್ಲೇ ಬಿಟ್ಟು ಮುಂದೆ ಹೋಗಲು ನಮ್ಮಲ್ಲಿ ಬರುವುದಿಲ್ಲ. ಜುಲೈ ಹೊತ್ತಿಗೆ ಅವನು ಬೀದಿಯ ಏಳು ಮನೆಗಳಲ್ಲಿ ಉಂಡಿದ್ದ. ಕೂತ ಕೂಡಲೇ ಕಣ್ಣು ಮುಚ್ಚಿ ಅರ್ಧ ನಿಮಿಷ ಪ್ರಾರ್ಥಿಸುತ್ತಿದ್ದ, ಬಡಿಸುವವರು ಸೌಟು ಹಿಡಿದು ಕಾಯುತ್ತಿದ್ದರು. ಉಪ್ಪು ಸರಿಯಿದೆಯಾ ಎಂದು ಕೇಳಿದರೆ ಸರಿಯಿಲ್ಲದಿದ್ದಾಗ ಸರಿಯಿಲ್ಲ ಎನ್ನುತ್ತಿದ್ದ. ನನ್ನ ಹೆಂಡತಿ ಇಪ್ಪತ್ತೆಂಟು ವರ್ಷಗಳಿಂದ ಮಾಡುತ್ತಿದ್ದ ಉಪ್ಪಿಟ್ಟಿನ ಬಗ್ಗೆ ಮೊದಲ ಸ್ವತಂತ್ರ ಅಭಿಪ್ರಾಯ ಬಂದದ್ದು ಅವನಿಂದ. ಅವಳು ಎರಡು ದಿನ ಮಾತಾಡಲಿಲ್ಲ. ಅವನ ಜೊತೆಗಲ್ಲ, ಇಷ್ಟು ವರ್ಷ ಸುಮ್ಮನಿದ್ದ ನನ್ನ ಜೊತೆಗೆ.

ಒಂದು ಭಾನುವಾರ ನಾನೇ ಅವನನ್ನು ಕೇಳಿದೆ: ಮನಸ್ಸು ನೋಯಬಾರದೆಂದು ಒಂದು ಸಣ್ಣ ಸುಳ್ಳು ಹೇಳಿದರೆ ನಿಮ್ಮ ದೇವರಿಗೆ ಬೇಸರವೇ? ಅವನು, ದೇವರ ಮಾತು ಹಾಗಿರಲಿ, ಚಿಕ್ಕಂದಿನಲ್ಲಿ ಭಾನುವಾರದ ಪಾಠ ಹೇಳಿಕೊಡುತ್ತಿದ್ದದ್ದು ತನ್ನ ಅಜ್ಜಿ, ಅವಳಿಗೆ ಬೇಸರವಾಗುತ್ತದೆ ಎಂದ. ಎಂಟು ಸಾವಿರ ಮೈಲಿ ದೂರದ ಅಜ್ಜಿಗೆ ಹೇಗೆ ಗೊತ್ತಾಗುತ್ತದೆ ಎಂದೆ. ‘ವಾರವಾರ ಪತ್ರ ಬರೆಯುತ್ತೇನಲ್ಲ’ ಎಂದ. ಅವನು ಸುಳ್ಳು ಹೇಳುವುದಿಲ್ಲವೆಂದು ಬೀದಿಯಲ್ಲಿ ಮಾತು ಹರಡಿತು. ಹಾಲಿನ ಡೇರಿಯ ಮುಂದೆ ಎಮ್ಮೆ ಹಾಲಿನ ವಿಷಯಕ್ಕೆ ಜಗಳವಾದಾಗ ಇಬ್ಬರೂ ‘ಆ ಹುಡುಗನ್ನ ಕರೀರಿ’ ಎಂದದ್ದನ್ನು ನಾನೇ ಕೇಳಿದ್ದೇನೆ.

ಈಗ ಜಯಮ್ಮನ ಮಗಳು ಚೈತ್ರಳ ವಿಷಯಕ್ಕೆ ಬರುತ್ತೇನೆ. ಬಿ.ಕಾಂ. ಓದಿದ್ದಾಳೆ, ಸಹಕಾರ ಸಂಘದಲ್ಲಿ ಕೆಲಸ. ಒಳ್ಳೆಯ ಹುಡುಗಿ, ಆದರೆ ಗಂಟಲು ದೊಡ್ಡದು. ಎರಡು ಸಂಬಂಧ ಈ ಕಾರಣಕ್ಕೇ ತಪ್ಪಿಹೋಗಿದ್ದವು. ನಮ್ಮ ಕಡೆ ಹೆಣ್ಣು ನೋಡುವ ಮುಂಚೆ ಗಂಡಿನ ಕಡೆಯವರೊಬ್ಬರು ಬೇರೇನೋ ನೆಪ ಹೇಳಿಕೊಂಡು ಬಂದು ಅಕ್ಕಪಕ್ಕದಲ್ಲಿ ವಿಚಾರಿಸುತ್ತಾರೆ. ಎರಡು ಸಲವೂ ಯಾರೋ ‘ಹುಡುಗಿ ಬಾಯಿ ಜೋರು’ ಎಂದಿದ್ದರು. ಮೂರನೆಯದು ಬೆಟ್ಟದಪುರದ ಕಡೆಯ ಹುಡುಗ, ಹೊಗೆಸೊಪ್ಪಿನ ಬೇಸಾಯ. ಚೈತ್ರ ಅವನನ್ನು ಒಂದು ಮದುವೆಯಲ್ಲಿ ನೋಡಿದ್ದಳು, ಮಾತಾಡಿದ್ದಳು, ಇದಾದರೆ ಆಗಲಿ ಎಂದು ಅಮ್ಮನಿಗೆ ಬಾಯಿಬಿಟ್ಟು ಹೇಳಿದ್ದಳು. ಹಾಗೆ ಅವಳು ಹೇಳಿದ್ದು ಅದೇ ಮೊದಲಂತೆ.

ಆಗ ಆಷಾಢ. ಆಷಾಢದಲ್ಲಿ ಹೆಣ್ಣು ನೋಡುವಂತಿಲ್ಲ, ಆದರೆ ವಿಚಾರಿಸಬಾರದು ಎಂದು ಯಾರೂ ಹೇಳಿಲ್ಲ. ಹುಡುಗನ ಸೋದರಮಾವ ಸ್ವಾಮಿಗೌಡರು ಭಾನುವಾರ ಹತ್ತು ಗಂಟೆಗೆ ಸೌದೆ ವಿಚಾರಿಸುವ ನೆಪದಲ್ಲಿ ಬರುತ್ತಾರೆಂಬ ಸುದ್ದಿ ಶುಕ್ರವಾರವೇ ತಲುಪಿತು. ಜಯಮ್ಮ ನಮ್ಮ ಮನೆಗೆ ಬಂದಳು.

“ಅಣ್ಣ, ನೀವು ಪೇಪರ್‌ನೋರು. ನೀವೇಳಿದ್ರೆ ನಂಬ್ತಾರೆ. ಮಗು ಮೆತ್ತಗೆ ಅಂತ ಒಂದ್ ಮಾತೇಳಿ. ಇದೂ ತಪ್ಪೋದ್ರೆ ಅದು ಇನ್ನ ಮದ್ವೆನೇ ಬ್ಯಾಡ ಅಂತದೆ ಕಣಣ್ಣ.”

“ಹೇಳೋಣ ಬಿಡಮ್ಮ.”

“ಮ್ಯಾಲಿನೋನು?”

“ಹತ್ತು ಗಂಟೆಗೆ ಚರ್ಚಲ್ಲಿರ್ತಾನೆ.”

“ಆ ಯೇಸಪ್ಪ ಕಾಪಾಡ್ಲಿ” ಎಂದು ಜಯಮ್ಮ ಎದ್ದು ಹೋದಳು.

ಸ್ವಾಮಿಗೌಡರ ಬೈಕು ಪಂಕ್ಚರಾಗಿ ಅವರು ಬಂದದ್ದು ಹನ್ನೊಂದಕ್ಕೆ ಇಪ್ಪತ್ತು ನಿಮಿಷವಿರುವಾಗ. ನಮ್ಮ ಜಗಲಿಯ ಮೇಲೆ ಕೂತರು. ತಿಂಡಿ ಆಯ್ತಾ ಎಂದೆ, ಆಯ್ತು ಎಂದರು. ಸೌದೆಯ ವಿಚಾರ ಎರಡು ನಿಮಿಷದಲ್ಲಿ ಮುಗಿಯಿತು. ಎದುರು ಮನೆಯ ಕಡೆ ನೋಡಿ, “ಆ ಮನೇಲಿ ಒಂದೆಣ್ಣುಮಗ ಅದಂತಲ್ಲ, ಎಂಗೆ?” ಎಂದರು.

ನಾನು ಸಿದ್ಧವಾಗಿದ್ದೆ. “ಬಹಳ ಸಾಧು. ಆ ಮನೇಲಿ ಒಂದು ಹೆಣ್ಣುಮಗಳಿದ್ದಾಳೆ ಅಂತಲೇ ಗೊತ್ತಾಗಲ್ಲ, ಹಾಗೆ” ಎಂದೆ. ಮಾತು ಮುಗಿದ ಮೇಲೆ ಇಷ್ಟು ಬೇಕಿರಲಿಲ್ಲ ಎನಿಸಿತು. ಸುಳ್ಳಿನಲ್ಲಿ ನನಗೆ ಅಭ್ಯಾಸವಿದ್ದದ್ದು ಊಟದ ಮಟ್ಟಿಗೆ ಮಾತ್ರ, ಅಳತೆ ತಪ್ಪಿತ್ತು.

ಗೇಟು ಸದ್ದಾಯಿತು. ಡೇನಿಯಲ್ ಹದಿನೈದು ನಿಮಿಷ ಮುಂಚೆಯೇ ಬಂದಿದ್ದ, ಆವತ್ತು ಪಾದ್ರಿಗಳಿಗೆ ಗಂಟಲು ಕಟ್ಟಿ ಉಪದೇಶ ಚಿಕ್ಕದಾಗಿತ್ತಂತೆ. ಹೊಸಬರಿಗೆ ಕೈಮುಗಿದ. ಗೌಡರಿಗೆ ಅವನ ಬಗ್ಗೆ ಆಗಲೇ ಗೊತ್ತಿತ್ತು. ಪಂಕ್ಚರ್ ಅಂಗಡಿಯವನು ಹೇಳಿದ್ದನಂತೆ.

“ಸುಳ್ಳೇಳದೇ ಇರೋನು ನೀನೇಯಾ?”

“ಪ್ರಯತ್ನ ಮಾಡುತ್ತೇನೆ.”

“ಕೂತ್ಕ ಬಾ. ಎದುರುಮನೆ ಹುಡುಗಿ ಮಾತು ಎಂಗಪ್ಪ?”

ನಾನು ಕೆಮ್ಮಿದೆ. ಡೇನಿಯಲ್ ನನಗೆ ನೀರು ಬೇಕೇ ಎಂದು ಕೇಳಿದ. ಎದುರುಮನೆಯ ಕಿಟಕಿಯ ಪರದೆ ಅಲುಗಿದ್ದು ನನಗೆ ಕಂಡಿತು.

“ಬಹಳ ಜೋರು” ಎಂದ ಡೇನಿಯಲ್. “ನನ್ನ ಕೋಣೆಗೆ ಪ್ರತಿದಿನ ಕೇಳುತ್ತದೆ. ಬೆಳಿಗ್ಗೆ ಆರೂವರೆಗೆ. ನಾನು ಅಲಾರಾಂ ಇಡುವುದಿಲ್ಲ.”

ಗೌಡರು ನನ್ನ ಕಡೆ ನೋಡಿದರು. ನಾನು ಸೂರು ನೋಡಿದೆ.

“ಯಾರ್ ಮ್ಯಾಲೆ ಜಗಳ, ಅಷ್ಟೊತ್ಗೆ?”

“ಜಗಳ ಅಲ್ಲ. ಅವಳ ಅಜ್ಜಿಗೆ ಕಿವಿ ಕೇಳುವುದಿಲ್ಲ. ಅಜ್ಜಿಗೆ ಪೇಪರ್ ಓದಿ ಹೇಳುತ್ತಾಳೆ. ಮೊದಲು ಸತ್ತವರ ಸುದ್ದಿ, ಆಮೇಲೆ ಮಳೆ. ಅಜ್ಜಿಗೆ ಅರ್ಥವಾಗದಿದ್ದರೆ ಇನ್ನೊಂದು ಸಲ ಓದುತ್ತಾಳೆ, ಇನ್ನೂ ಜೋರಾಗಿ. ಜಗಳವನ್ನೂ ಮಾಡುತ್ತಾಳೆ. ನೀರು ಬಿಡುವವರ ಜೊತೆ, ಎರಡು ಸಲ ನೋಡಿದ್ದೇನೆ. ಆಮೇಲೆ ನೀರು ಬಂತು. ನಮಗೂ ಬಂತು.” ಗಡಿಯಾರ ನೋಡಿಕೊಂಡು, “ಇವತ್ತು ಓದಲಿಲ್ಲ. ಹಾಗಾಗಿ ನಾನು ಎದ್ದದ್ದು ತಡವಾಯಿತು” ಎಂದ.

ಗೌಡರು ಎದುರು ಮನೆಯ ಕಡೆಯೇ ನೋಡುತ್ತ ಕೂತರು. ಮೂರನೆಯ ಸಂಬಂಧವೂ ನಮ್ಮ ಜಗಲಿಯ ಮೇಲೆ ಮುಗಿಯಿತು ಎಂದುಕೊಂಡೆ. ಚೈತ್ರ ಇನ್ನು ಯಾರನ್ನೂ ಒಪ್ಪುವುದಿಲ್ಲ, ಜಯಮ್ಮ ಇನ್ನು ನಮ್ಮ ಮನೆಯ ಹೊಸಲು ದಾಟುವುದಿಲ್ಲ. ಕಡೆಗೆ ಗೌಡರು ಟವೆಲು ಕೊಡವಿ ಎದ್ದರು.

“ನೋಡಿ ಸ್ವಾಮಿ, ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಮನೆ ನಮ್ ಮನೆಯಿಂದ ಒಂದ್ ಕೂಗಳತೆ ದೂರ ಅದೆ. ಸೊಪ್ಪು ಬೇಯೋವಾಗ ಹುಡುಗ ಒಲೆ ಮುಂದೇನೇ ಕೂತಿರ್ತಾನೆ. ಫೋನು ಮಾಡುದ್ರೆ ಎತ್ತಕುಲ್ಲ. ಮುದ್ದೆ ಆರೋಯ್ತದೆ ಬಾರ್ಲಾ ಅಂತ ಕೂಗಿ ಕೂಗಿ ನಮ್ಮಕ್ಕನ ಗಂಟಲೇ ಬಿದ್ದೋಗದೆ. ನಮ್ಗೆ ಬೇಕಾಗಿರೋದೇ ಜೋರು.” ಮೆಟ್ಟಿಲಿಳಿಯುತ್ತ ನನ್ನ ಕಡೆ ತಿರುಗಿದರು. “ಇಷ್ಟೊತ್ತೂ ನೀವೇಳಿದ್ ಕೇಳಿ ನಂಗೆ ದಿಗಿಲಾಗಿತ್ತು. ಬರೀ ಒಳ್ಳೇದ್ನೇ ಏಳ್ತಾವ್ರೆ, ಏನೋ ದೊಡ್ಡದಾಗೇ ಮುಚ್ಚಿಡ್ತಾವ್ರೆ ಅಂದ್ಕಂಡೆ. ಇದೊಂದೇ ಆದ್ರೆ ಚಿಂತಿಲ್ಲ ಬುಡಿ.”

ಶ್ರಾವಣದ ಮೊದಲ ವಾರ ಹೆಣ್ಣು ನೋಡಲು ಬರುತ್ತೇವೆಂದು ಸಂಜೆಗೇ ಹೇಳಿ ಕಳಿಸಿದರು. ಜಯಮ್ಮ ಡೇನಿಯಲ್‌ಗೆ ಒಂದು ತಟ್ಟೆ ಕಜ್ಜಾಯ ತಂದುಕೊಟ್ಟಳು, ಹೇಗಿದೆ ಎಂದು ಮಾತ್ರ ಕೇಳಲಿಲ್ಲ. ನನಗೂ ಎರಡು ಕೊಟ್ಟಳು.

ಮಾರನೆಯ ಬೆಳಿಗ್ಗೆ ಆರೂವರೆಗೆ ಬೀದಿಗೆಲ್ಲ ಮತ್ತೆ ನಿಧನ ವಾರ್ತೆ ಕೇಳಿಸಿತು. ಏಳಕ್ಕೆ ಚೈತ್ರ ನಮ್ಮ ಜಗಲಿಗೆ ಬಂದಳು. ಧನ್ಯವಾದ ಹೇಳಲು ಬಂದಿದ್ದಾಳೆಂದು ತಿಳಿದು ನಾನು ಪೇಪರ್ ಮಡಿಸಿಟ್ಟೆ.

“ಮಾವ, ನನ್ ಬಾಯಿ ಜೋರು ಅನ್ನೋದು ಅಷ್ಟು ಮುಚ್ಚಿಡೋ ವಿಷಯನಾ?”

“ಒಳ್ಳೇದಾಗ್ಲಿ ಅಂತ ಹೇಳ್ದೆ ಕಣಮ್ಮ.”

“ನೀವೇಳಿದ ಹುಡುಗೀನ ಅವರು ಒಪ್ಪಿದ್ರೆ, ಮದ್ವೆ ಆದ್ಮೇಲೆ ಅಲ್ಲೋಗಿ ಮೆತ್ತಗೆ ಮಾತಾಡೋರು ಯಾರು? ನೀವಾ?”

ಬೀದಿಯ ತುದಿಯಲ್ಲಿ ಹಾಲು ಹಾಕಿಸಿಕೊಳ್ಳುತ್ತಿದ್ದವರು ತಿರುಗಿ ನೋಡಿದರು. ಅವಳು ಮುಂದುವರಿಸಿದಳು.

“ಅವ್ನು ಏಳಿದ್ದು ನನ್ ಬಗ್ಗೆ ಮಾವ. ನೀವು ಏಳಿದ್ದು ಇನ್ಯಾರ್ ಬಗ್ಗೆನೋ. ನನ್ ಎದುರುಮನೇಲೇ ಇದ್ಕಂಡು ಇಷ್ಟು ವರ್ಷ ನೀವು ನನ್ನ ನೋಡೇ ಇಲ್ವಾ?”

ಸಾಕ್ಷಿ, ಆಧಾರ, ಮೂಲ ಎಂದು ಬೇರೆಯವರನ್ನು ಮೂವತ್ತೊಂದು ವರ್ಷ ಪೀಡಿಸಿದ ನಾನು ಮಡಿಸಿಟ್ಟ ಪೇಪರನ್ನು ಇನ್ನೊಮ್ಮೆ ಮಡಿಸಿದೆ. ತಪ್ಪಾಯಿತಮ್ಮ, ಬೇಜಾರು ಮಾಡಿಕೊಳ್ಳಬೇಡ ಎಂದೆ. ನಮ್ಮ ಬೀದಿಯಲ್ಲಿ ಈ ಮಾತಿಗೂ ಒಂದೇ ಉತ್ತರ, ಅವಳೂ ಅದನ್ನೇ ಹೇಳಿದಳು.

“ಪರವಾಗಿಲ್ಲ ಬುಡಿ ಮಾವ. ನಂಗೇನೂ ಬೇಜಾರಿಲ್ಲ.”

ಅದನ್ನು ಅವಳು ಬಹಳ ಮೆತ್ತಗೆ ಹೇಳಿದಳು. ಬೇಜಾರಾಗಿದೆ ಎಂದು ನನಗೆ ಗೊತ್ತಾದದ್ದು ಅದರಿಂದಲೇ.