ಅವ್ವ ಅವಳಿಗೆ ಹಾಡಿದ ಹಾಡು

ತಿಪಟೂರಿನಲ್ಲಿ ಮಲ್ಟಿಮೀಡಿಯಾ ಕೋರ್ಸು ಓದುತ್ತಿದ್ದಾಗ ಮೇಷ್ಟ್ರು ನಾಲ್ಕು ನಾಲ್ಕು ಜನರ ತಂಡ ಮಾಡಿ, ತಂಡಕ್ಕೊಂದು ಸಿ.ಡಿ. ತಯಾರಿಸಿ ಎಂದರು. ನಮಗೆ ಸಿಕ್ಕ ವಿಷಯ ಕೊಬ್ಬರಿ. ದಂಡಿನಶಿವರದ ನಮ್ಮ ಮನೆಯಲ್ಲೇ ಕೆಲಸ ಎಂದಾದ ಮೇಲೆ ನಾನೇ ಲೀಡರ್ ಆದೆ. ಯಾರೂ ಆರಿಸಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ಫೋಟೊ ಒಬ್ಬನಿಗೆ, ಕಂಪ್ಯೂಟರಿನಲ್ಲಿ ಜೋಡಿಸುವುದು ಇನ್ನೊಬ್ಬನಿಗೆ, ಬರವಣಿಗೆ ನನಗೆ. ರೆಕಾರ್ಡಿಂಗನ್ನು ಕೊಬ್ಬರಿ ಮಂಡಿಯವರ ಮಗಳಿಗೆ ಕೊಟ್ಟೆ, ಟೇಪ್ ರೆಕಾರ್ಡರ್ ಅವಳದ್ದು ಎನ್ನುವ ಒಂದೇ ಕಾರಣಕ್ಕೆ. ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಲ್ಯಾಬಿನಲ್ಲಿ ಅವಳು ಸುಮ್ಮನೆ ಕೂತರೂ ಸುತ್ತ ಜನ ಸೇರುತ್ತಿದ್ದರು. ನಾನು ಕೂಗಿ ಕರೆದರೂ ತಿರುಗುವವರು ಕಡಿಮೆ.

ಸಿ.ಡಿ.ಯಲ್ಲಿ ಅವ್ವನ ದನಿ ಇರಬೇಕು, ಮಾತಾಡಿಸಿದವಳು ನಾನಾಗಿರಬೇಕು ಎಂಬುದು ನನ್ನ ಆಸೆ. ಹೇಳಬೇಕಾದ್ದನ್ನೆಲ್ಲ ಬರೆದು ಬಾಯಿಪಾಠ ಮಾಡಿಸಿದ್ದೆ. ಆ ದಿನ ಅವ್ವ ಮದುವೆ ಮನೆಗೆ ಉಡುವ ಸೀರೆ ಉಟ್ಟು, ಅಟ್ಟದಿಂದ ಇಳಿಸಿದ ಒಣಗಿದ ಕಾಯಿಗಳ ಮುಂದೆ ಕೂತಳು. ಮೈಕು ಹಿಡಿದ ಕೂಡಲೇ ಬಾಯಿ ಕಟ್ಟಿತು. ಗದರಿದೆ, ಮತ್ತೆ ಹೇಳಿಸಿದೆ, ಮತ್ತೆ ತಪ್ಪಿದಳು. ಕೊನೆಗೆ ರೇಗಿ, ಎಲ್ಲರಿಗೂ ಎಳನೀರು ತರುತ್ತೇನೆಂದು ಹುಡುಗರಿಬ್ಬರನ್ನೂ ಕರೆದುಕೊಂಡು ತೋಟಕ್ಕೆ ಹೊರಟೆ.

ವಾಪಸು ಬಂದಾಗ ಹಿತ್ತಿಲ ಬಾಗಿಲಲ್ಲೇ ಹಾಡು ಕೇಳಿಸಿತು. ರೇಡಿಯೊ ಅಂದುಕೊಂಡೆ. ಇಣುಕಿದರೆ ಮಂಡಿಯವರ ಮಗಳು ಅವ್ವನ ಪಕ್ಕ ನೆಲದ ಮೇಲೆ ಕೂತು, ಒಡೆದ ಚಿಪ್ಪುಗಳನ್ನು ಮಂಕರಿಗೆ ತುಂಬುತ್ತಿದ್ದಾಳೆ. ಅವ್ವ ಕೊಬ್ಬರಿ ಬಿಡಿಸುತ್ತಾ, ಹೆಣ್ಣನ್ನು ಹಸೆಗೆ ಕರೆಯುವ ಸೋಬಾನೆ ಹಾಡುತ್ತಿದ್ದಾಳೆ. ಹುಟ್ಟಿದಾಗಿನಿಂದ ಒಂದೇ ಸೂರಿನಡಿ ಇದ್ದೂ ಅವ್ವ ಹಾಡುತ್ತಾಳೆಂದು ನನಗೆ ಗೊತ್ತಿರಲಿಲ್ಲ. ನನ್ನನ್ನು ಕಂಡದ್ದೇ ಹಾಡು ನಿಂತಿತು.

"ನೀ ಬರೋ ಹೊತ್ಗೆ ಒಂದ್ ಹಾಡು ಪೂರ್ತಿ ಸಿಕ್ತು ಕಣೇ," ಎಂದಳು ಅವಳು, ನನಗೇ ಉಪಕಾರ ಮಾಡಿದವಳ ಹಾಗೆ. ಹೊಟ್ಟೆ ಧಗಧಗ ಉರಿಯಿತು. ಎಳನೀರು ಕುಡಿದರೂ ಆರಲಿಲ್ಲ.

ಸಿ.ಡಿ. ತೋರಿಸುವ ದಿನ ಮೇಷ್ಟ್ರು ಆ ಹಾಡನ್ನು ಎರಡು ಸಲ ಹಾಕಿಸಿ, ರೆಕಾರ್ಡ್ ಮಾಡಿದವರು ಯಾರೆಂದು ಕೇಳಿದರು. ನಾನು ಬರೆದ ಪುಟಗಳನ್ನು ಯಾರೂ ಕ್ಲಿಕ್ ಮಾಡಲಿಲ್ಲ. ಹಾಡಿದವರು ಇವಳ ತಾಯಿ ಎಂದು ಅವಳು ನನ್ನತ್ತ ಕೈ ತೋರಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನವ್ವನಿಗೆ ಬಂದ ಚಪ್ಪಾಳೆಯನ್ನೂ ಅವಳೇ ಕೊಡಿಸಬೇಕಾಯಿತಲ್ಲ ಎಂದು ಮೈ ಪರಚಿಕೊಳ್ಳುವಂತಾಯಿತು.

ಸಂಜೆ ಬಸ್ಸಿಳಿದು ಮನೆಗೆ ಬಂದವಳೇ, ಒಲೆ ಮುಂದಿದ್ದ ಅವ್ವನನ್ನು ಒಂದು ಸಲ ಹಾಡು ಎಂದು ಕೇಳಿದೆ. ಟೇಪಿಲ್ಲ, ಮೈಕಿಲ್ಲ, ನಾನೊಬ್ಬಳೇ. ಅವ್ವ ಮುದ್ದೆಗೆ ಹಿಟ್ಟು ತಿರುವುತ್ತಾ ನಕ್ಕಳು.

"ನಿನ್ ಮುಂದೆ ಆಗಕಿಲ್ಲ ಬುಡು, ತಪ್ಪಾದ್ರೆ ಬೈತೀಯ. ಆ ಮಂಡಿಯವ್ರ ಮಗೀನ ಇನ್ನೊಂದ್ ಸಲ ಕರ್ಕಂಬಾ, ಹಾಡ್ತೀನಿ."

ನಾನು ಕರೆಯಲೇ ಇಲ್ಲ. ಅವ್ವನ ಹಾಡು ಕೇಳಬೇಕೆನಿಸಿದರೆ ಇವತ್ತಿಗೂ ಅದೇ ಸಿ.ಡಿ. ಹಾಕುತ್ತೇನೆ. ಹಾಡು ಮುಗಿಯುವಾಗ ಅವಳು ಪಕ್ಕದಿಂದ "ಚೆನ್ನಾಗದೆ ಕಣಮ್ಮ" ಎನ್ನುತ್ತಾಳೆ, ಅವ್ವ ನಗುತ್ತಾಳೆ. ಆ ನಗುವೂ ಅವಳಿಗೇ.