ಅಮ್ಮನ ಬಣ್ಣದ ಗಿಡಕ್ಕೆ ಕಸಿ

ಗಿಡಕ್ಕೆ ಊರಿಲ್ಲ, ನೆನಪಿಲ್ಲ. ಈ ವಾದವನ್ನು ನಾನು ಅಮ್ಮನ ಎದುರು ಹತ್ತಾರು ಸಲ ಮಂಡಿಸಿದ್ದೇನೆ. ಹಾಸನದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತು ಒಂದೆರಡು ಫಲಕ ಗೆದ್ದಿದ್ದೆ. ರಜೆಗೆ ಬಂದರೆ ಅಭ್ಯಾಸಕ್ಕೆ ಸಿಗುತ್ತಿದ್ದವಳು ಅಮ್ಮನೇ.

"ಹಾಸನದ ನರ್ಸರೀಲಿ ಇದೇ ಕ್ರೋಟನ್ ಸಾಲುಸಾಲಾಗಿ ಇಟ್ಟಿದಾರೆ. ಅದೇ ಹಳದಿ ಚುಕ್ಕಿ, ಅದೇ ಕೆಂಪು ನರ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ, ತೋರ್ಸು."

"ಅದು ನಮ್ಮವ್ವನ ಮನೇದಲ್ಲ."

"ಅದು ಗಿಡದ ಗುಣ ಅಲ್ಲಮ್ಮ, ನಿನ್ ಭಾವನೆ."

"ಆಯ್ತು ಕಣೇ, ನಂದೇ ಅನ್ಕೊ. ಒಂದು ಚೊಂಬು ನೀರು ಹಾಕು ಅಂದ್ರೆ ಭಾಷಣ ಹೊಡೀತೀಯಲ್ಲ."

ಅಪ್ಪ ಒಳಗಿನಿಂದಲೇ ಕೂಗುತ್ತಿದ್ದರು: "ಇಲ್ಲಿ ಜಡ್ಜು ಯಾರೂ ಇಲ್ಲ ಮಾರಾಯ್ತಿ, ಬಂದು ಊಟ ಮಾಡು!"

ಅಪ್ಪ ಹೊಂಗಡಹಳ್ಳದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಎಸ್ಟೇಟಿನವರೇ ಕೊಟ್ಟ ಮನೆಯಲ್ಲಿ ನಮ್ಮ ವಾಸ. ಅಮ್ಮನ ತವರು ಆಲೂರಿನ ಕಡೆಯ ಒಂದು ಹಳ್ಳಿ. ನಾನು ಹುಟ್ಟುವ ಮೊದಲೇ ಆ ಊರು ಹೇಮಾವತಿಯ ಹಿನ್ನೀರಿನೊಳಗೆ ಹೋಯಿತು. ಊರು ಬಿಡುವಾಗ ಅಜ್ಜಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಿಂದ ಒಂದು ಮರಿ ಕ್ರೋಟನ್ ಕಿತ್ತು, ಎಣ್ಣೆ ಡಬ್ಬಕ್ಕೆ ಹಾಕಿ ಮಗಳ ಕೈಗೆ ಕೊಟ್ಟಿದ್ದರಂತೆ. ಅಮ್ಮ ಅದನ್ನು ಬಚ್ಚಲಿನ ಗೋಡೆಗೆ ಒತ್ತಿ ನೆಟ್ಟಳು. ನನಗೆ ಬುದ್ಧಿ ಬರುವ ಹೊತ್ತಿಗೆ ಅದು ಹೆಂಚು ಮುಟ್ಟಿತ್ತು. ಆ ಊರಿನದು ಎಂದು ಬೆರಳಿಟ್ಟು ತೋರಿಸಲು ಅಮ್ಮನಿಗೆ ಉಳಿದದ್ದು ಅದೊಂದೇ.

ಕಾಫಿ ರೇಟು ಬಿದ್ದ ವರ್ಷಗಳಲ್ಲಿ ಎಸ್ಟೇಟು ಕೈ ಬದಲಾಯಿತು. ಹೊಸ ಮಾಲೀಕರಿಗೆ ಅವರದೇ ರೈಟರ್ ಇದ್ದ. ಯುಗಾದಿಯೊಳಗೆ ಮನೆ ಖಾಲಿ ಮಾಡಿ ಎಂದರು. ಅಪ್ಪ ಸಕಲೇಶಪುರದಲ್ಲಿ ಬಾಡಿಗೆ ಮನೆ ಹುಡುಕಲು ಅಲೆದರು. ಅಮ್ಮನಿಗೆ ಮನೆಯ ಚಿಂತೆ ಇರಲಿಲ್ಲವೆಂದಲ್ಲ, ಆದರೆ ಅವಳ ಬಾಯಲ್ಲಿ ಬರುತ್ತಿದ್ದ ಪ್ರಶ್ನೆ ಒಂದೇ: ಗಿಡವನ್ನು ಹೇಗೆ ಒಯ್ಯುವುದು? ಅದರ ಬೇರು ಗೋಡೆಯ ಅಡಿಪಾಯದೊಳಗೆ ಇಳಿದಿತ್ತು. ಕಡ್ಡಿ ನೆಟ್ಟರೆ ನಮ್ಮ ಮಳೆಗೆ ಕೊಳೆಯುತ್ತಿತ್ತು. ಮೂರು ಮಳೆಗಾಲ ನೋಡಿ ಸೋತಿದ್ದಳು.

ಆಗ ಮೊದಲ ಬಾರಿ ನಾನು ಅಮ್ಮನ ಪರ ನಿಂತೆ. ಕಾಲೇಜು ಲೈಬ್ರರಿಯಲ್ಲಿ ತೋಟಗಾರಿಕೆಯ ಪುಸ್ತಕ ಹುಡುಕಿ ಓದಿದೆ. ಕೊಂಬೆಯ ತೊಗಟೆಯನ್ನು ಬಳೆಯಷ್ಟು ಸುಲಿದು, ಅಲ್ಲಿಗೆ ಮಣ್ಣು ಮೆತ್ತಿ, ಪ್ಲಾಸ್ಟಿಕ್ಕು ಸುತ್ತಿ ಕಟ್ಟಿದರೆ ಕೊಂಬೆಯಲ್ಲೇ ಬೇರೊಡೆಯುತ್ತದೆ. ಆಮೇಲೆ ಕತ್ತರಿಸಿ ನೆಡಬಹುದು. ಪುಸ್ತಕ ಇದನ್ನು ಗೂಟಿ ಕಸಿ ಎಂದು ಕರೆದಿತ್ತು. ನಾನು ಹಾಸ್ಟೆಲಿನಿಂದ ಕಾಗದ ಬರೆದೆ: "ಚಿಂತೆ ಬಿಡು. ತೋಟದ ಮೇಸ್ತ್ರಿಗೆ ಹೇಳಿ ಗಿಡಕ್ಕೆ ಕಸಿ ಮಾಡಿಸು. ಎರಡು ತಿಂಗಳಲ್ಲಿ ಹೊಸ ಗಿಡ ಕೈಗೆ ಬರುತ್ತದೆ."

ಹೇಗೆ ಮಾಡಬೇಕೆಂದು ಬರೆಯಲಿಲ್ಲ. ಚುಟುಕಾಗಿ, ತೀರ್ಪು ಕೊಟ್ಟಂತೆ ಬರೆಯುವುದು ಆಗ ನನ್ನ ಶೈಲಿ.

ಸಂಕ್ರಾಂತಿಗೆ ಬಂದಾಗ ಬಚ್ಚಲಿನ ಗೋಡೆ ಬೋಳಾಗಿ ಕಂಡಿತು. ಮೊಣಕಾಲೆತ್ತರದ ಎರಡು ಮೋಟು ನಿಂತಿದ್ದವು. ಕತ್ತರಿಸಿದ ಜಾಗಕ್ಕೆ ನೀಟಾಗಿ ಸುಣ್ಣ-ಮೈಲುತುತ್ತ ಬಳಿದಿತ್ತು. ಅಮ್ಮ ನಗುತ್ತಾ ಬಂದಳು.

"ನೋಡ್ದಾ? ನೀನು ಬರ್ದಂಗೇ ಮಾಡ್ಸಿದೀನಿ. ಹೊಸ ಗಿಡ ಯಾವಾಗ ಬರ್ತೈತೆ?"

ನಮ್ಮ ಕಾಫಿ ಸೀಮೆಯಲ್ಲಿ ಕಸಿ ಎಂದರೆ ಕತ್ತರಿಸುವುದು. ಕೊಯ್ಲಾದ ಮೇಲೆ ಕಾಫಿ ಗಿಡದ ಬೇಡದ ರೆಕ್ಕೆಕೊಂಬೆ ಸವರುವುದು ಕಸಿ, ಮುದಿ ಗಿಡವನ್ನು ಬುಡದವರೆಗೆ ಕಡಿದು ಹೊಸದಾಗಿ ಚಿಗುರಿಸುವುದೂ ಕಸಿ. ಕಸಿ ಕತ್ತಿ, ಕಸಿ ಆಳು, ಕಸಿ ಸಮಯ ಎಂಬ ಮಾತು ಕೇಳುತ್ತಲೇ ನಾನು ಬೆಳೆದವಳು. ಕಾಗದ ಬರೆಯುವಾಗ ಪುಸ್ತಕದ ಅರ್ಥ ನನಗೆ ಗೊತ್ತಾಗಿ ಒಂದು ವಾರವಾಗಿತ್ತಷ್ಟೆ. ಅಷ್ಟರಲ್ಲೇ ಹಳೆಯದನ್ನು ಮರೆತಿದ್ದೆ.

ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆ. ಮೂವತ್ತು ವರ್ಷ ಕತ್ತಿ ಹಿಡಿದ ಕೈ ಅವರದು. ಸ್ಟೋರಿನ ಮುಂದೆ ಕೂತು ಎಲೆಯಡಿಕೆ ಹಾಕುತ್ತಿದ್ದರು.

"ಆ ಗಿಡಾನ ಯಾಕೆ ಕಡಿದ್ರಿ?"

"ಕಡಿಯೋದೇ? ಕಸಿ ಮಾಡ್ದೆ ಕಣವ್ವ. ಇದಕ್ಕೆಂಥ ಕಸಿ ರೈಟ್ರಮ್ಮ, ಇದೇನು ಕಾಫಿ ಗಿಡವೇ, ಕಾಯಿ ಬಿಡ್ತೈತಾ ಅಂತ ಕೇಳ್ದೆ. ಮಗಳು ಬರ್ದವ್ಳೆ, ಓದ್ದೋಳು, ನಿಮಗಿಂತ ಗೊತ್ತೈತೆ ಅಂದ್ಬುಟ್ರು. ಇನ್ನೇನು ಹೇಳ್ಲಿ?"

"ಕಡಿದ ಕೊಂಬೆಗಳು?"

"ಗೊಬ್ಬರದ ಗುಂಡಿಗೆ ಹೋದ್ವು. ಆಗ್ಲೇ ಹದಿನೈದು ದಿನ ಆಗ್ಬುಡ್ತು."

ಗುಂಡಿ ಕೆದಕಿದೆ. ಎಲೆಗಳು ಕಪ್ಪಗೆ ಮೆತ್ತಗಾಗಿ ಬೆರಳಿಗೆ ಅಂಟಿಕೊಂಡವು. ಮನೆಗೆ ಬಂದು ಅಮ್ಮನಿಗೆ ನಿಜ ಹೇಳಿದೆ. ಹೇಳಿದೆ ಎನ್ನುವುದೂ ಪೂರ್ತಿ ಸರಿಯಲ್ಲ, ವಾದಿಸಿದೆ. ಮೇಸ್ತ್ರಿ ಇನ್ನೊಂದು ಸಲ ಕೇಳಬೇಕಿತ್ತು, ನೀನು ನನ್ನನ್ನು ಕಾಯಬೇಕಿತ್ತು, ಒಂದೇ ಪದಕ್ಕೆ ಎರಡು ಅರ್ಥವಿರುವುದು ಭಾಷೆಯ ದೋಷ. ಅಮ್ಮ ಕೊನೆಯವರೆಗೆ ಕೇಳಿದಳು.

"ನೀನು ಇದಕ್ಕೆ ಕಾಗ್ದ ಬರ್ದೆ ಅಂತ ಖುಷಿಯಾಗ್ಬುಟ್ಟಿತ್ತು ಕಣೇ. ಯಾರನ್ನೂ ಕೇಳ್ಬೇಕು ಅನ್ನುಸ್ಲಿಲ್ಲ," ಎಂದಳು. ಅಷ್ಟೇ. ಎದ್ದು ಸಾರಿಗೆ ಒಗ್ಗರಣೆ ಹಾಕಿದಳು.

ಮೋಟು ಚಿಗುರಬಹುದಿತ್ತು. ಕ್ರೋಟನ್ ಕಡಿದರೂ ಚಿಗುರುತ್ತದೆ ಎಂದು ಅದೇ ಪುಸ್ತಕ ಹೇಳಿತ್ತು. ಆದರೆ ಯುಗಾದಿ ಬಂತು. ಅಪ್ಪನೂ ನಾನೂ ಹಾರೆ ಹಿಡಿದು ಒಂದು ಬೆಳಗ್ಗೆಯೆಲ್ಲ ಅಗೆದೆವು. ಅಡಿಪಾಯದ ಕಲ್ಲಿನ ಸಂದಿಗೆ ಹೊಕ್ಕಿದ್ದ ತಾಯಿಬೇರು ಬಿಡಲಿಲ್ಲ, ಕತ್ತಿಯಲ್ಲಿ ಕಡಿಯಬೇಕಾಯಿತು. ಉಳಿದದ್ದನ್ನು ಮಣ್ಣಿನ ಸಮೇತ ಸಿಮೆಂಟ್ ಚೀಲಕ್ಕೆ ಹಾಕಿ, ಪಾತ್ರೆಗಳ ನಡುವೆ ಕೂರಿಸಿ ಸಕಲೇಶಪುರಕ್ಕೆ ತಂದೆವು.

ಬಾಡಿಗೆ ಮನೆಯ ಹಿಂದೆ ಇದ್ದದ್ದು ನಾಲ್ಕಡಿ ಅಗಲದ ಸಿಮೆಂಟಿನ ಓಣಿ. ಬಿಸಿಲು ಮಧ್ಯಾಹ್ನ ಇಣುಕಿ ಹೋಗುತ್ತಿತ್ತು. ಅಮ್ಮ ದಿನಾ ಅಕ್ಕಿ ತೊಳೆದ ನೀರು ಹಾಕುತ್ತಿದ್ದಳು. ನಾನು ಹಾಸನಕ್ಕೆ ಹೊರಡುವ ದಿನ ಕರೆದಳು.

"ತೊಗಟೆ ಕೆರೆದು ನೋಡೇ. ನಂಗೆ ಕಣ್ಣು ಸರಿಯಾಗಿ ಕಾಣಲ್ಲ. ಒಳಗೆ ಹಸ್ರು ಐತಾ?"

ಉಗುರಿನಿಂದ ಕೆರೆದೆ. ಕಂದು ಬಣ್ಣದ ಪುಡಿ ಉದುರಿತು. ಇನ್ನೊಂದು ಕಡೆ ಕೆರೆದೆ. ಅಲ್ಲೂ ಅದೇ.

"ಐತಮ್ಮ. ಒಂಚೂರು."

ಸಾಕ್ಷ್ಯವಿಲ್ಲದ ಮಾತನ್ನು ಬಾಯಿಬಿಟ್ಟು ಹೇಳಿದ್ದು ಬಹುಶಃ ಅದೇ ಮೊದಲು. ಅಮ್ಮ ಚೊಂಬಿನಲ್ಲಿದ್ದ ನೀರನ್ನು ನಿಧಾನವಾಗಿ ಬುಡಕ್ಕೆ ಸುರಿದಳು.

ಪರೀಕ್ಷೆ ಮುಗಿಸಿ ಬಂದಾಗ ಬಚ್ಚಲಲ್ಲಿ ಹಂಡೆ ತುಂಬ ನೀರು ಕಾದಿತ್ತು. ಸ್ನಾನ ಮಾಡಿ ಹಿತ್ತಲಿಗೆ ಹೋದೆ. ಸಿಮೆಂಟ್ ಚೀಲವನ್ನು ಒಗೆದು ತಂತಿಗೆ ಹಾಕಿದ್ದರು.

"ಗಿಡ ಎಲ್ಲಮ್ಮ?"

"ಈಗ ನೀನು ಮಿಂದ್ಯಲ್ಲ, ಆ ನೀರಿನ ಒಲೆಗೆ ಹಾಕ್ದೆ." ಅಮ್ಮ ಹೆಸರುಬೇಳೆ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಹಸಿ ಇದ್ದಿದ್ರೆ ಹೊಗೆ ಆಡ್ಬೇಕಿತ್ತಲ್ವಾ? ಒಂಚೂರೂ ಆಡ್ಲಿಲ್ಲ ಕಣೇ. ಧಗಧಗ ಉರ್ದೋಯ್ತು."