ಮೀಸೆರಾಯನ ನೆರೆಹೊರೆ

ನಮ್ಮತ್ತೆ ಲೀಲಮ್ಮ ಸಮುದ್ರ ಕಂಡದ್ದು ಜೀವನದಲ್ಲಿ ಒಂದೇ ಸಲ, ಅದೂ ಮದುವೆಯಾದ ಹೊಸತರಲ್ಲಿ ಗೋಕರ್ಣಕ್ಕೆ ಹೋದಾಗ. ಹುಟ್ಟಿದ್ದು ಹಿರಿಯೂರು, ಬಾಳಿದ್ದು ದೆಹಲಿಯ ಪೀತಮ್‌ಪುರದ ಮೂರನೇ ಮಹಡಿ. ಆ ಮಹಡಿಯ ಹಜಾರದಲ್ಲಿ ಅವರೊಂದು ಸಮುದ್ರ ಸಾಕಿದ್ದರು ಎಂದರೆ ನೀವು ನಗುತ್ತೀರಿ. ನಾನೂ ನಕ್ಕವಳೇ. ಮಾವ ದೇವೇಂದ್ರಪ್ಪನವರು ಸಚಿವಾಲಯದ ಗುಮಾಸ್ತಿಕೆಯಿಂದ ನಿವೃತ್ತರಾದ ಮೇಲೆ ತಂದಿಟ್ಟ ಗಾಜಿನ ತೊಟ್ಟಿ ಅದು. ಉಪ್ಪುನೀರು, ಕಲ್ಲು, ಹವಳ, ಅದರೊಳಗೆ ಕೆಂಪು ಬೆನ್ನಿನ ಮೇಲೆ ಬಿಳಿ ಗೆರೆಯ ಒಂದು ಸಿಗಡಿ. ಉದ್ದನೆಯ ಬಿಳಿ ಮೀಸೆ ಇದ್ದದ್ದರಿಂದ ಮಾವ ಅದಕ್ಕೆ ಮೀಸೆರಾಯ ಎಂದು ಹೆಸರಿಟ್ಟಿದ್ದರು. ನೀರಿಗೆ ಕೈ ಇಳಿಬಿಟ್ಟರೆ ಬಂದು ಉಗುರಿನ ಸಂದು ಕೆದಕಿ ಶುಚಿ ಮಾಡುತ್ತಿತ್ತು. ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಸಿಗಡಿ ಕಂಡು ಕೆಳಗಿನ ಮನೆಯ ಪಂಜಾಬಿ ಹೆಂಗಸು, ಇದನ್ನು ಯಾವತ್ತು ಬೇಯಿಸುತ್ತೀರಿ ಎಂದು ಕೇಳಿ ಅತ್ತೆಯಿಂದ ಚೆನ್ನಾಗಿ ಅನ್ನಿಸಿಕೊಂಡಿದ್ದಳು.

ಹೋದ ಚಳಿಗಾಲದಲ್ಲಿ ಮಾವ ತೀರಿಕೊಂಡರು. ಅತ್ತೆಗೆ ಮಂಡಿನೋವು, ಆ ಕಟ್ಟಡಕ್ಕೆ ಲಿಫ್ಟಿಲ್ಲ. ವಸಂತ್ ಕುಂಜ್‌ನ ನಮ್ಮ ಮನೆಗೇ ಬಂದುಬಿಡು ಎಂದು ನನ್ನ ಗಂಡ ಮುರಳೀಧರ ಗೋಗರೆದ. ಬಂದರು. ವಾರ ಕಳೆಯುವಷ್ಟರಲ್ಲಿ ಚೀಲ ಹಿಡಿದು ಪೀತಮ್‌ಪುರಕ್ಕೆ ವಾಪಸು ಹೊರಟು ನಿಂತರು. ನನ್ನ ಅಡುಗೆಮನೆಯಲ್ಲಿ ಯಾವ ಡಬ್ಬಿ ಎಲ್ಲಿದೆ ಎಂಬುದು ಕಣ್ಣು ಮುಚ್ಚಿದರೂ ನನಗೆ ಗೊತ್ತು, ಅದನ್ನು ಯಾರಾದರೂ ಅಲುಗಿಸಿದರೆ ಪಿತ್ತ ನೆತ್ತಿಗೇರುತ್ತದೆ. ಆದರೆ ಅತ್ತೆ ಒಂದು ಚಮಚವನ್ನೂ ಅಲುಗಿಸಲಿಲ್ಲ. ಒಂದು ಲೋಟ ನೀರಿಗೂ 'ತಗೊಳ್ಳಲಾ?' ಎಂದು ಕೇಳುತ್ತಿದ್ದರು. ಹೋಗುವಾಗ ಹೇಳಿದ್ದು ಇಷ್ಟೇ: "ನಿನ್ನ ಮನೇಲಿ ಏನೂ ಕಡಿಮೆ ಇಲ್ಲ ಇಂದಿರಾ. ಆದ್ರೆ ನಾನಿಲ್ಲಿ ನೆಂಟಳು."

ಆ ಮಾತು ನನಗೆ ಚುಚ್ಚಿತು. ಅತ್ತೆ ಸೊಸೆ ಎಂದರೆ ಹಾವು ಮುಂಗುಸಿ ಎಂದುಕೊಳ್ಳುವವರು ಅಂದುಕೊಳ್ಳಲಿ, ನನಗೆ ಅವರು ಬೇಕಿತ್ತು. ಇಪ್ಪತ್ತು ವರ್ಷದ ಹಿಂದೆ ಈ ಊರಿಗೆ ಬಂದಾಗ ಹಿಂದಿಯಲ್ಲಿ ಸೊಪ್ಪಿನವನ ಹತ್ತಿರ ಜಗಳವಾಡುವುದನ್ನು ಕಲಿಸಿದವರೇ ಅವರು.

ಆ ಮೊದಲ ದಿನವನ್ನು ನೆನೆದರೆ ಈಗಲೂ ನಗು ಬರುತ್ತದೆ. ಸೇರಕ್ಕಿ ಒದ್ದು ಒಳಗೆ ಬಂದೆ, ಸಂಜೆಗೆ ಉಪ್ಪಿಟ್ಟು ಮಾಡೋಣವೆಂದು ಒಲೆ ಮುಂದೆ ನಿಂತೆ. ಸಾಸಿವೆ ಎಲ್ಲಿ ಎಂದರೆ ಮನೆ ಯಜಮಾನಿಗೇ ಗೊತ್ತಿಲ್ಲ! ಮಾವ ಚಹಾಪುಡಿಗೆ ತಡಕಾಡುತ್ತಿದ್ದರು, ಮುರಳಿ ಹುಟ್ಟಿ ಬೆಳೆದ ಮನೆಯಲ್ಲೇ ತಟ್ಟೆ ಹುಡುಕುತ್ತಿದ್ದ. "ನಂಗೂ ಗೊತ್ತಿಲ್ಲ ಕಣಮ್ಮ, ಬಾ ಹುಡುಕೋಣ" ಎಂದರು ಅತ್ತೆ. ಇಬ್ಬರೂ ಒಂದೊಂದೇ ಮುಚ್ಚಳ ತೆಗೆಯುತ್ತಾ ಹೋದೆವು. ಸಾಸಿವೆ ಸಿಗುವ ಹೊತ್ತಿಗೆ ನನಗೆ ಆ ಅಡುಗೆಮನೆ ಪೂರ್ತಿ ಪರಿಚಯವಾಗಿತ್ತು. ಎಂಥಾ ಅಡ್ಡಾದಿಡ್ಡಿ ಮನೆ ಸೇರಿದೆನಪ್ಪಾ ಎಂದು ಅಮ್ಮನಿಗೆ ಫೋನಿನಲ್ಲಿ ಉಪ್ಪುಖಾರ ಹಚ್ಚಿ ಹೇಳಿದ್ದೆ.

ಈ ವರ್ಷ ಹೋಳಿ ಕಳೆದ ಮೇಲೆ ನನ್ನ ಮಗಳು ಪ್ರಕೃತಿ, ತಾತ ಇಲ್ಲದೆ ಮೀಸೆರಾಯ ಮಂಕಾಗಿದ್ದಾನೆ, ಅವನಿಗೆ ಜೊತೆ ಬೇಕು ಎಂದು ಹಟ ಹಿಡಿದಳು. ತೊಟ್ಟಿಯಲ್ಲಿ ಜೊತೆಗೆ ಇದ್ದದ್ದು ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಒಂದು ಮೀನು ಮಾತ್ರ. ಅದು ಸಿಗಡಿಯ ತಂಟೆಗೆ ಹೋಗುತ್ತಿರಲಿಲ್ಲ, ಆದರೆ ಬಲಗಡೆಯ ಕಲ್ಲಿನ ಮೂಲೆ ತನ್ನದೇ ಎಂಬ ಗತ್ತು ಅದಕ್ಕೆ.

ಅತ್ತೆ, ಪ್ರಕೃತಿ, ನಾನು ಮೂವರೂ ಸಾಕುಮೀನಿನ ಅಂಗಡಿಗೆ ಹೋದೆವು. ಅಂಗಡಿಯ ಭಯ್ಯಾ ಉರಿಕೆಂಪು ಬಣ್ಣದ ಮೀನೊಂದನ್ನು ತೋರಿಸಿದ. ಕಲ್ಲಿನ ಮೇಲೆ ಕೂತು ಕಣ್ಣು ಹೊರಳಿಸುತ್ತಿತ್ತು. ಪ್ರಕೃತಿ ಮರುಳಾದಳು. ಅತ್ತೆ ಬಣ್ಣ ನೋಡಲಿಲ್ಲ, ಬಾಯಿ ನೋಡಿದರು. ಏನು ತಿನ್ನುತ್ತದೆ ಎಂದು ಕೇಳಿದರು. ಎಲ್ಲಾ ತಿನ್ನುತ್ತದೆ ಮಾತಾಜಿ, ತಕರಾರೇ ಇಲ್ಲ ಎಂದ ಅವನು. ಎಲ್ಲಾ ಅಂದರೆ ನಮ್ಮ ಮೀಸೆರಾಯನೂ ಸೇರಿದ ಎಂದು ಅತ್ತೆ ಮುಂದಕ್ಕೆ ನಡೆದೇಬಿಟ್ಟರು. ಸಿಗಡಿ ಆಗಾಗ ಪೊರೆ ಕಳಚುತ್ತದೆ, ಆಗ ಮೈಯೆಲ್ಲ ಮೆತ್ತಗಾಗಿ ಸಂದಿನಲ್ಲಿ ಅವಿತಿರುತ್ತದೆ, ಅಂಥ ಹೊತ್ತಿನಲ್ಲಿ ಮೇಲೆ ಬೀಳದವರೇ ಅದಕ್ಕೆ ತಕ್ಕ ನೆರೆಹೊರೆ ಎಂದು ತೊಟ್ಟಿಯಿಂದ ತೊಟ್ಟಿಗೆ ನಡೆಯುತ್ತಾ ಮೊಮ್ಮಗಳಿಗೆ ಪಾಠ ಮಾಡಿದರು. ಕೊನೆಗೆ ಆರಿಸಿದ್ದು ಮುಂಭಾಗ ಬಿಳಿ, ಬಾಲ ಕೆಂಪಗಿನ ಕಿರುಬೆರಳಿನಷ್ಟು ಮೀನು. ಪುಟ್ಟ ಬಾಯಿ, ನೆರಳು ಕಂಡರೆ ಬಿಲ ಸೇರುವ ಪುಕ್ಕಲು.

ಪೀತಮ್‌ಪುರದ ಮನೆಗೆ ಬಂದು ಅತ್ತೆ ಮೀನಿನ ಚೀಲವನ್ನು ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟರು. ಆಮೇಲೆ ಮೊಣಕೈವರೆಗೆ ಕೈ ಇಳಿಸಿ, ತಾವೂ ಮಾವನೂ ಸೇರಿ ಜೋಡಿಸಿದ್ದ ಕಲ್ಲುಗಳನ್ನೆಲ್ಲ ಕಿತ್ತು ಜಾಗ ಬದಲಿಸತೊಡಗಿದರು. ಪ್ರಕೃತಿಗೆ ಹೊಟ್ಟೆ ಉರಿದುಹೋಯಿತು.

"ಅಜ್ಜೀ, ಇತ್ನಾ ಅಚ್ಛಾ ಸೆಟಪ್ ಥಾ! ಯಾಕೆ ಹಾಳು ಮಾಡ್ತೀಯಾ?"

"ಹೊಸಬರು ಬರೋ ದಿನ ಹಳಬರಿಗೂ ಮನೆ ಹೊಸದಾಗ್ಬೇಕು ಪುಟ್ಟಾ. ಇಲ್ದಿದ್ರೆ ಇದು ನನ್ನ ಮೂಲೆ ಅಂತ ಅಟ್ಟಿಸ್ಕೊಂಡು ಹೋಗುತ್ತೆ."

ಅತ್ತೆ ಎಣಿಸಿದ ಹಾಗೇ ಆಯಿತು. ಕಿತ್ತಳೆ ಮೀನು ತನ್ನ ಮೂಲೆ ಹುಡುಕುತ್ತಾ ಸುತ್ತುತ್ತಿತ್ತು, ಹೊಸಬನನ್ನು ಗದರಿಸಲು ಅದಕ್ಕೆ ಪುರುಸೊತ್ತೇ ಇರಲಿಲ್ಲ. ನಾನು ಟವೆಲ್ ಹಿಡಿದು ನಿಂತವಳು ನಿಂತೇ ಇದ್ದೆ.

"ಅತ್ತೆ, ನಾನು ಬಂದ ದಿನ ಆ ಡಬ್ಬಿಗಳನ್ನ... ನೀವೇ?"

"ಮತ್ತೆ? ಮನೆ ಸೊಸೇನ ನೆಂಟಳ ಹಾಗೆ ನಿಲ್ಲಿಸ್ಲಾ?" ಎಂದು ಕೈ ಒರೆಸಿಕೊಂಡು ಒಳಗೆ ಹೋದರು. ನಾನು ಬಾಲ್ಕನಿಗೆ ಹೋಗಿ ಅತ್ತುಬಿಟ್ಟೆ.

ಮಳೆಗಾಲಕ್ಕೆ ಮೊದಲು ಅವರನ್ನು ಮತ್ತೆ ಕರೆದೆವು. ತೊಟ್ಟಿಯೂ ಬರಲಿ ಎಂದೆ. ಒಪ್ಪಿದರು, ಆದರೆ ಸರಿಹೋಗದಿದ್ದರೆ ವಾಪಸು ಬರುವುದಾಗಿ ಹೇಳಿ ಪೀತಮ್‌ಪುರದ ಬೀಗದ ಕೈಯನ್ನು ಸೊಂಟಕ್ಕೇ ಸಿಕ್ಕಿಸಿಕೊಂಡರು. ರಿಂಗ್ ರೋಡಿನ ಜಾಮಿನಲ್ಲಿ ಮೀಸೆರಾಯನೂ ಮೀನುಗಳೂ ಇದ್ದ ಬಕೆಟ್ಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ಎ.ಸಿ. ಜಾಸ್ತಿ ಮಾಡು, ನೀರು ಕಾಯುತ್ತಿದೆ ಎಂದು ಮುರಳಿಯನ್ನು ಗದರಿಸುತ್ತಲೇ ಬಂದರು. ತೊಟ್ಟಿಯನ್ನು ಹಜಾರದಲ್ಲಿ ಟಿ.ವಿ. ಇದ್ದ ಜಾಗದಲ್ಲಿ ಇಟ್ಟೆವು. ಮೀಸೆರಾಯ ಹೊಸ ಕಲ್ಲಿನ ಕೆಳಗೆ ಸೇರಿ ಮೀಸೆಯಷ್ಟನ್ನೇ ಹೊರಗೆ ಚಾಚಿದ.

ಎಲ್ಲರಿಗೂ ಹಸಿವು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೋದ ಸಲದ ಅದೇ ಸಣ್ಣ ದನಿಯಲ್ಲಿ ಕೇಳಿದರು: "ಉಪ್ಪಿಟ್ಟು ಮಾಡಲಾ ಇಂದಿರಾ? ಸಾಸಿವೆ ಎಲ್ಲಿಟ್ಟಿದ್ದೀಯ?"

ಹಿಂದಿನ ದಿನ ನಾನು ಅಡುಗೆಮನೆಯನ್ನು ಪೂರ್ತಿ ಖಾಲಿ ಮಾಡಿ, ಡಬ್ಬಿಗಳನ್ನೆಲ್ಲ ಮನಸ್ಸಿಗೆ ಬಂದ ಕಡೆ ಇಡಿ ಎಂದು ಅಪ್ಪ ಮಗಳಿಗೆ ಹೇಳಿ ಹೊರಗೆ ಹೋಗಿದ್ದೆ.

"ನಂಗೂ ಗೊತ್ತಿಲ್ಲ ಅತ್ತೆ. ಬನ್ನಿ, ಹುಡುಕೋಣ."

ಅವರು ನನ್ನ ಮುಖವನ್ನೇ ನೋಡಿದರು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ಬೀಗದ ಕೈ ತೆಗೆದು ಫ್ರಿಜ್ಜಿನ ಮೇಲಿಟ್ಟು, ಸೆರಗು ಸಿಕ್ಕಿಸಿ, ಯಾರನ್ನೂ ಕೇಳದೆ ಮೊದಲ ಡಬ್ಬಿಯ ಮುಚ್ಚಳ ತೆಗೆದರು.